ಕ್ಯಾಪ್ಟನ್ ಬೋಲ್ಟ್ ಮುನಿವೀರಪ್ಪ ಗಲ್ಲಿಗೆ ಬಂದದ್ದು

ಆ ಸೋಮವಾರ ನಾಣಿ ಮಾಡಿದ ತಪ್ಪು ಒಂದೇ. ಹಾಶಿಮನ ಜೆರಾಕ್ಸ್ ಅಂಗಡಿಯಲ್ಲಿ ಮಸಿ ಹರಡಿ ಕೆಟ್ಟುಹೋದ ಒಂದು ಪ್ರತಿಯನ್ನು ಮೇಜಿನ ಮೇಲೆಯೇ ಬಿಟ್ಟು ಬಂದ. ಅದನ್ನು ಹರಿದು ಬುಟ್ಟಿಗೆ ಹಾಕುವುದು ಅರ್ಧ ನಿಮಿಷದ ಕೆಲಸವಾಗಿತ್ತು. ಆದರೆ ವಿಮಾ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತಗಿರಿ ಮಾಡಿದವನಿಗೆ ಕಾಗದ ಹರಿದು ಅಭ್ಯಾಸವಿರಲಿಲ್ಲ. ಇದ್ದಲ್ಲೇ ಬಿಟ್ಟರೆ ಕಾಗದ ತಾನಾಗಿಯೇ ಮುಂದಿನ ಮೇಜಿಗೆ ಹೋಗುತ್ತದೆ ಎಂಬುದು ಅವನು ಕಚೇರಿಯಲ್ಲಿ ಕಲಿತ ಒಂದೇ ವಿದ್ಯೆ. ಇಲ್ಲಿಯೂ ಹಾಗೆಯೇ ಹೋಯಿತು.

ಆ ಕಾಗದದಲ್ಲಿದ್ದದ್ದು ಹಲಸೂರು ಕೆರೆಯ ಹಿಂದಿನ ಮುನಿವೀರಪ್ಪ ಗಲ್ಲಿಯ ನಕ್ಷೆ. ಗ್ರಾಫ್ ಹಾಳೆಯ ಮೇಲೆ ಹನ್ನೊಂದು ಮನೆಗಳು, ಒಂದೊಂದರ ಅಗಲ ಅಡಿ ಲೆಕ್ಕದಲ್ಲಿ, ಸಜ್ಜಾ, ಮೆಟ್ಟಿಲು, ನೀರಿನ ಟ್ಯಾಂಕು ಎಲ್ಲ ಸಮೇತ. ಹತ್ತು ಮನೆಗಳ ನೆತ್ತಿಯ ಮೇಲೆ ದಪ್ಪಗೆ ಒಂದೊಂದು ಇಂಟು ಗುರುತು. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಹುಲಿಗೆ ಹೆದರುವುದಿಲ್ಲ, ಇಂಥ ಹಾಳೆಗೆ ಹೆದರುತ್ತಾರೆ.

ಅಸಲು ವಿಷಯ ಬೇರೆಯೇ ಇತ್ತು. ನಾಣಿಗೆ ಹನ್ನೆರಡು ವರ್ಷವಾಗಿದ್ದಾಗ ಇಂದಿರಾನಗರದ ದೊಡ್ಡಪ್ಪ ಲಂಡನ್ನಿನಿಂದ ಒಂದು ಮನೆ ಕಂಪ್ಯೂಟರ್ ತಂದಿದ್ದರು. ರಬ್ಬರ್ ಕೀಲಿಗಳ ಪುಟ್ಟ ಡಬ್ಬಿ. ಅದನ್ನು ಟೀವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಐದು ನಿಮಿಷ ಅದರ ಕಿರುಚಾಟ ಕೇಳಿಸಿಕೊಂಡರೆ ಆಟ ಶುರು. ಅದರ ಇಡೀ ಮೆಮೊರಿ ಇವತ್ತಿನ ಒಂದು ಗುಡ್ ಮಾರ್ನಿಂಗ್ ಗುಲಾಬಿಯ ಚಿತ್ರಕ್ಕೂ ಸಾಲುವುದಿಲ್ಲ. ಆಟದ ಹೆಸರು ಕ್ಯಾಪ್ಟನ್ ಬೋಲ್ಟ್. ಹೆಬ್ಬೆರಳು ಗಾತ್ರದ ಒಬ್ಬ ಸಿಪಾಯಿ ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಅಡ್ಡ ಬಂದ ರಾಕ್ಷಸರಿಗೆ ಗುಂಡು ಹೊಡೆಯುತ್ತ, ಗುಹೆಗಳನ್ನು ದಾಟಬೇಕು. ಹಾರುವ ಕೀಲಿಗಳೆಲ್ಲ ದೊಡ್ಡಪ್ಪನ ಮಗನ ಕೈಯಲ್ಲಿ. ನಾಣಿಗೆ ಗುಂಡಿನ ಕೀಲಿ ಮಾತ್ರ, ಅದೂ ಅವನು "ಈಗ" ಅಂದಾಗ. ಎರಡು ಬೇಸಗೆ ರಜೆಗಳನ್ನು ಈ "ಈಗ"ಕ್ಕೆ ಕಾದು ಕಳೆದ ಹುಡುಗನಿಗೆ ಐವತ್ತೊಂದು ವರ್ಷವಾದರೂ ಹೊಟ್ಟೆಯುರಿ ಆರಿರಲಿಲ್ಲ.

ಇಂಥ ಹಳೆಯ ಯಂತ್ರಗಳ ಅಭಿಮಾನಿಗಳದೊಂದು ಕ್ಲಬ್ ಇಂಗ್ಲೆಂಡಿನಲ್ಲಿದೆ. ಸದಸ್ಯರು ನಲವತ್ತಮೂರು ಜನ, ಎಲ್ಲರೂ ಗಂಡಸರು, ಎಲ್ಲರಿಗೂ ಬೆನ್ನುನೋವು. ವರ್ಷಕ್ಕೊಮ್ಮೆ ಅವರದು ಸ್ಪರ್ಧೆ: ಒಂದು ಹಳೆಯ ಆಟವನ್ನು ಹೊಸದಾಗಿ ಬರೆಯಬೇಕು, ಅದು ಆ ಹಳೆಯ ಡಬ್ಬಿಯಲ್ಲೇ ಓಡಬೇಕು, ಕೊನೆಗೆ ಒಂದು ಹಂತ ಸ್ವಂತದ್ದಿರಬೇಕು. ಗೆದ್ದವರ ಆಟವನ್ನು ನಿಜವಾದ ಕ್ಯಾಸೆಟ್ಟಿಗೆ ತುಂಬಿಸಿ, ಬಣ್ಣದ ಹೊದಿಕೆಯ ಮೇಲೆ ಹೆಸರು ಹಾಕಿ ಕಳಿಸುತ್ತಾರೆ. ನಾಣಿಗೆ ಬೇಕಾಗಿದ್ದದ್ದು ಆ ಹೊದಿಕೆ. ಎರಡು ಪ್ರಮೋಷನ್ ತಪ್ಪಿದಾಗ ಅವನು ಒಂದು ಕಾಫಿ ಕುಡಿದು ಸುಮ್ಮನಾಗಿದ್ದ. ಇದು ತಪ್ಪಿದರೆ ತಡೆಯಲಾರೆ ಎಂದು ಅವನಿಗೇ ಗೊತ್ತಿತ್ತು.

ಹದಿನಾಲ್ಕು ತಿಂಗಳು ದುಡಿದು ಹಳೆಯ ಗುಹೆಗಳನ್ನೆಲ್ಲ ಒಂದು ಚುಕ್ಕಿಯೂ ತಪ್ಪದಂತೆ ಬರೆದ. ಸ್ವಂತದ ಹಂತಕ್ಕೆ ಬಂದಾಗ ಕಲ್ಪನೆ ಎಂಬುದು ತನ್ನಲ್ಲಿ ಇಲ್ಲವೇ ಇಲ್ಲ ಎಂದು ಗೊತ್ತಾಯಿತು. ಕೊನೆಗೆ ಕಿಟಕಿಯಿಂದ ಹೊರಗೆ ನೋಡಿ, ಕಂಡದ್ದನ್ನೇ ಬರೆದ. ಕ್ಯಾಪ್ಟನ್ ಬೋಲ್ಟ್ ಗಲ್ಲಿಯ ಬಾಯಿಯಿಂದ ಹೊರಟು, ತಾರಸಿಯಿಂದ ತಾರಸಿಗೆ ಹಾರಿ ಕೆರೆ ಸೇರಬೇಕು. ಒಂದೊಂದು ತಾರಸಿಯ ಮೇಲೆ ಒಬ್ಬೊಬ್ಬ ರಾಕ್ಷಸ, ನಕ್ಷೆಯಲ್ಲಿ ಅವನ ಗುರುತು ಇಂಟು. ಐದನೆಯದು ನಾಣಿಯದೇ ಮನೆ. ಅಲ್ಲಿ ರಾಕ್ಷಸ ಇಲ್ಲ, ಕ್ಯಾಪ್ಟನ್ ನೀರು ಕುಡಿದು ಸುಧಾರಿಸಿಕೊಳ್ಳುವ ಜಾಗ. ಸ್ಪರ್ಧೆಗೆ ಕಳಿಸಲು ಕೊನೆಯ ಗಡುವು ಅವರ ಮಧ್ಯಾಹ್ನ ಹನ್ನೆರಡು, ಅಂದರೆ ಹಲಸೂರಿನ ಸಂಜೆ ಐದೂವರೆ. ನಾಣಿ ರಜೆ ಹಾಕಿ, ನಕ್ಷೆಯ ಪ್ರತಿ ಮಾಡಿಸಿಕೊಂಡು ಬಂದು, ಲ್ಯಾಪ್‌ಟಾಪನ್ನು ಹಾಲಿನ ಟೀವಿಗೆ ಸಿಕ್ಕಿಸಿ ಕುಳಿತ. ಇನ್ನೊಮ್ಮೆ ಪೂರ್ತಿ ಆಡಿ ನೋಡಿ ಕಳಿಸುವುದಷ್ಟೇ ಬಾಕಿ.

ಅಷ್ಟರಲ್ಲಿ ಆಧಾರ್ ಕಾರ್ಡಿನ ಪ್ರತಿ ಮಾಡಿಸಲು ಹೋದ ಜಗದೀಶನ ಕಣ್ಣಿಗೆ ಆ ಹಾಳೆ ಬಿದ್ದಿತ್ತು. ಬಿಟ್ಟುಹೋದವರು ನಾಣಿ ಎಂದು ಹಾಶಿಮ್ ಹೇಳಿದ್ದ. ಜಗದೀಶ ಗಲ್ಲಿಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಸಂಘಕ್ಕೆ ಅಧ್ಯಕ್ಷರಿಲ್ಲ, ಸಭೆಯಿಲ್ಲ, ಒಂದು ವಾಟ್ಸಾಪ್ ಗ್ರೂಪ್ ಮಾತ್ರ ಇದೆ. ಹತ್ತು ಗಂಟೆಗೆ ಸರಿಯಾಗಿ ಅದರಲ್ಲಿ ಹಾಳೆಯ ಫೋಟೋ ಬಂತು. ಕೆಳಗೆ, "ಅರ್ಜೆಂಟ್. ರೋಡ್ ವೈಡನಿಂಗ್ ಸೀಕ್ರೆಟ್ ಪ್ಲ್ಯಾನ್ ಲೀಕ್ ಆಗಿದೆ. ಇಂಟು ಇರೋ ಮನೆಗಳು ಔಟ್. ಡೀಟೇಲ್ಸ್‌ಗೆ ನಾಣಿ ಸರ್ ಅವರನ್ನ ಕಾಂಟ್ಯಾಕ್ಟ್ ಮಾಡಿ."

ಹತ್ತೂ ಐದಕ್ಕೆ ಕಾಂಟ್ಯಾಕ್ಟ್ ಶುರುವಾಯಿತು.

ಮೊದಲು ಬಂದವರು ಪಕ್ಕದ ಮನೆಯ ದೊಡ್ಡಮುನಿಯಪ್ಪ. ಎಪ್ಪತ್ತೆರಡು ವರ್ಷ, ಮೂರು ಅಂತಸ್ತು, ರಸ್ತೆಯ ಮೇಲಕ್ಕೆ ಮೂರಡಿ ಚಾಚಿಕೊಂಡ ಸಜ್ಜಾ.

"ಏನಪ್ಪಾ ನಾಣಿ, ಮೂವತ್ತ್ ವರ್ಷದಿಂದ ಅಕ್ಕಪಕ್ಕ ಇದೀವಿ. ನಮ್ ಮನೆ ಮ್ಯಾಲೆ ಇಂಟು ಹಾಕಕ್ಕೆ ನಿಂಗೆ ಮನ್ಸಾದ್ರೂ ಹೆಂಗ್ ಬಂತು?"

"ಇಂಟುನಾ? ಅದು ಮನೆಗಲ್ಲ ಯಜಮಾನ್ರೇ. ಅಲ್ಲಿ ಒಬ್ಬ ರಾಕ್ಷಸ ಇದಾನೆ, ಅವನ ಗುರುತು."

"ನಾನು ರಾಕ್ಷಸನಾ?"

"ಅಯ್ಯೋ, ನೀವಲ್ಲ. ನಿಮ್ಮ ತಾರಸಿ ಮೇಲೆ..."

"ತಾರಸೀಲಿ ನಮ್ಮತ್ತೆ ಕೂತ್ಕೊಂಡು ಬಿಸ್ಲು ಕಾಯ್ಸ್ತಾ ಅವ್ರೆ!"

 ಆ ರಾಕ್ಷಸನ ಚಿತ್ರ ಬರೆಯುವಾಗ ನಾಣಿಯ ಮನಸ್ಸಿನಲ್ಲಿ ಆ ಅತ್ತೆಯೇ ಇದ್ದದ್ದು ನಿಜ.

ಅವರ ಹಿಂದೆಯೇ ಹೂವಿನ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಅದೇ ಸಾಲಿನ ಮುನಿಲಕ್ಷ್ಮಮ್ಮ ಬಂದರು. ಸೋಮೇಶ್ವರ ದೇವಸ್ಥಾನದ ಬಳಿ ಹೂವು ಮಾರುವುದನ್ನು ಬಿಟ್ಟು ಬಂದಿದ್ದಾರೆಂದರೆ ವಿಷಯ ಸಣ್ಣದಲ್ಲ.

"ಏನ್ ಸ್ವಾಮಿ, ನಮ್ಮನೆ ಹದ್ನೆಂಟಡಿ. ನೀವು ಹದ್ನೈದು ಅಂತ ಬರ್ದಿದ್ದೀರ. ಮಿಕ್ಕಿದ್ ಮೂರಡಿ ಯಾರ್ ನುಂಗಿದ್ರು?"

"ಅಮ್ಮಾ, ಅದು ಅಂದಾಜು. ಹೆಜ್ಜೆ ಹಾಕಿ ಅಳೆದದ್ದು."

"ಓಹೋ! ಅದಕ್ಕೇ ಹದ್ನೈದ್ ದಿನದಿಂದ ಬೆಳಿಗ್ಗೆ ಹೊತ್ತು ಹೆಜ್ಜೆ ಎಣಿಸ್ಕೊಂಡು ಓಡಾಡ್ತಿದ್ರಾ? ನಾನು ಸಕ್ಕರೆ ಕಾಯ್ಲೆ ಬಂದೈತೆ, ಪಾಪ, ಅಂದ್ಕೊಂಡಿದ್ದೆ. ಆ ಪಾಪ ವಾಪಸ್ ಕೊಡಿ."

ಹನ್ನೊಂದು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಕೂರಲು ಜಾಗವಿರಲಿಲ್ಲ. ನಾಣಿ ಕುರ್ಚಿಯ ಮೇಲೆ ನಿಂತು ಕೈ ಎತ್ತಿ ಹೇಳಿದ: "ನೋಡಿ, ಇದು ರಸ್ತೆ ಅಗಲ ಮಾಡೋ ಪ್ಲ್ಯಾನ್ ಅಲ್ಲ. ಇದು ಆಟ. ಕಂಪ್ಯೂಟರ್ ಗೇಮ್. ಹಳೇ ಕಾಲದ ಗೇಮು. ನಾನು ಬರೀತಾ ಇದೀನಿ, ಅಷ್ಟೆ."

 ಜಗದೀಶ ತುಂಬ ಪ್ರೀತಿಯಿಂದ ನಾಣಿಯ ಭುಜ ಹಿಡಿದು ಕೆಳಗಿಳಿಸಿದ. "ಸಾರ್, ನಿಮ್ಮ ಪೊಸಿಷನ್ ನಮಗೆ ಅರ್ಥ ಆಗುತ್ತೆ. ಕಾನ್ಫಿಡೆನ್ಷಿಯಲ್ ಮ್ಯಾಟರ್. ಬಾಯ್ಬಿಡಂಗಿಲ್ಲ. ಆದ್ರೆ ರಿಟೈರ್ ಆಗೋ ವಯಸ್ಸಲ್ಲಿ ವಿಡಿಯೋ ಗೇಮ್ ಅಂತೀರಲ್ಲ, ಸ್ವಲ್ಪ ಒಳ್ಳೇ ಸುಳ್ಳು ಹೇಳಬಾರ್ದಾ?"

"ಸುಳ್ಳಲ್ಲ ಕಣೋ! ಜಲಜಾ, ನೀನಾದ್ರೂ ಹೇಳೆ."

ನಾಣಿಯ ಹೆಂಡತಿ ಜಲಜಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಮುಖ ಯಾಕೋ ಸರಿಯಿರಲಿಲ್ಲ.

"ಅವ್ರು ಏನ್ ಹೇಳ್ತಾರೆ?" ಎಂದರು ಮುನಿಲಕ್ಷ್ಮಮ್ಮ. "ಯಜಮಾನ್ರು ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ ಏನ್ ಮಾಡ್ತಾರಮ್ಮಾ ಅಂತ ಕೇಳಿದ್ದಕ್ಕೆ, ಏನೋ ಗೌರ್ಮೆಂಟ್ ಪ್ರಾಜೆಕ್ಟು ಅಂತ ಅವ್ರೇ ತಾನೆ ಹೇಳಿದ್ದು?"

ನಾಣಿ ಹೆಂಡತಿಯ ಕಡೆ ತಿರುಗಿದ.

"ಮತ್ತೇನ್ರೀ ಹೇಳ್ಬೇಕಿತ್ತು?" ಜಲಜಾ ಸಿಡುಕಿದಳು. "ಈ ವಯಸ್ಸಲ್ಲಿ ಗೊಂಬೆ ಹಾರಿಸ್ತಾರೆ ಅಂತ ಹೇಳ್ಲಾ? ನನಗೂ ಒಂದು ಮಾನ ಮರ್ಯಾದೆ ಬೇಡ್ವಾ?"

ಇನ್ನುಳಿದದ್ದು ಒಂದೇ ದಾರಿ. ನಾಣಿ ಆಟವನ್ನೇ ಟೀವಿಯ ಮೇಲೆ ಹಾಕಿ ತೋರಿಸಿದ. ಕಪ್ಪು ಆಕಾಶ, ಅದರ ಕೆಳಗೆ ನೀಲಿ ಹಳದಿ ಚೌಕಗಳಲ್ಲಿ ಮುನಿವೀರಪ್ಪ ಗಲ್ಲಿ. ಟ್ಯಾಂಕು ಟ್ಯಾಂಕಿನ ಜಾಗದಲ್ಲಿ, ಸಜ್ಜಾ ಸಜ್ಜಾದ ಜಾಗದಲ್ಲಿ. ಕ್ಯಾಪ್ಟನ್ ಬೋಲ್ಟ್ ಕುಣಿಯುತ್ತ ಬಂದು ಜಗದೀಶನ ತಾರಸಿಯ ಮೇಲೆ ನಿಂತು ಗುಂಡು ಹೊಡೆದ. ಇದನ್ನು ನೋಡಿದರೆ ನಕ್ಕು ಮನೆಗೆ ಹೋಗುತ್ತಾರೆ ಎಂದು ನಾಣಿ ನಂಬಿದ್ದ. ಜನರ ಬಗ್ಗೆ ಅವನಿಗಿದ್ದ ತಿಳಿವಳಿಕೆ ಅಷ್ಟು.

"ಡ್ರೋನ್ ಸರ್ವೆ," ಎಂದ ಜಗದೀಶ, ಉಸಿರು ಬಿಗಿಹಿಡಿದು. "ಸ್ಯಾಟಲೈಟ್‌ನಿಂದ ಫುಲ್ ಡೇಟಾ ತಗೊಂಡಿದಾರೆ."

"ಆ ಓಡಾಡೋನು ಯಾವನು?" ಎಂದು ಯಾರೋ ಕೇಳಿದರು.

"ಅವನೇ ಕೆಡವೋನು. ಕಂಟ್ರಾಕ್ಟರ್."

ಇಲ್ಲಿಂದ ಮುಂದೆ ಯಾರೂ ನಾಣಿಯನ್ನು ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು, ಏಕೆಂದರೆ ಎಲ್ಲರೂ ಮರ್ಯಾದೆ ಕೊಡತೊಡಗಿದರು. ದೊಡ್ಡಮುನಿಯಪ್ಪನವರು ಅವನನ್ನು "ಸಾಹೇಬ್ರೇ" ಎಂದರು. ಮೊಳ ಮೊಳ ಮಲ್ಲಿಗೆ ಜಲಜಾಳ ಕೈಗೆ ಬಂತು. ಜಲಜಾ ಅದನ್ನು ಮುಡಿದುಕೊಂಡು ಎಲ್ಲರಿಗೂ ಕಾಫಿ ಮಾಡಲು ಹೋದಳು. ಗಂಡನ ಆಟದಿಂದ ಹದಿನಾಲ್ಕು ತಿಂಗಳಲ್ಲಿ ಅವಳಿಗೆ ಸಿಕ್ಕ ಮೊದಲ ಗೌರವ ಅದು. ಮಧ್ಯೆ ಹಾಶಿಮ್ ಬಂದು ಬಾಗಿಲಲ್ಲೇ ನಿಂತು ಸಲಾಮ್ ಮಾಡಿದ.

"ಅರೆ ನಾಣಿ ಸಾಬ್, ನಿಮ್ದು ಪ್ಲ್ಯಾನಿಗೆ ಬೆಳಿಗ್ಗೆಯಿಂದ ನಲ್ವತ್ತು ಕಾಪಿ ಆಯ್ತು. ಪಕ್ಕದ್ ಗಲ್ಲಿಯವರೂ ತಗೊಂಡ್ ಹೋದ್ರು. ನೆಕ್ಸ್ಟ್ ಅವರ್ದು ಯಾವಾಗ ಮಾಡ್ತೀರಿ?"

ಒಂದೂವರೆಯ ಹೊತ್ತಿಗೆ ನಾಣಿ ಸೋತ. ನಿಜ ಹೇಳಿ ಇವರನ್ನು ಕಳಿಸುವುದು ಸಾಧ್ಯವಿಲ್ಲ, ಕೇಳಿದ್ದು ಮಾಡಿಕೊಟ್ಟರೆ ಹೋಗುತ್ತಾರೆ. ಆಟದಲ್ಲಿ ಯಾರ ಮನೆ ಎಷ್ಟು ಅಗಲವಿದ್ದರೆ ತನಗೇನು? ಗಡಿಯಾರ ನೋಡಿ, ಪೆನ್ಸಿಲಿನಲ್ಲಿ ಬರೆದ ಮೂಲ ನಕ್ಷೆಯನ್ನೂ ರಬ್ಬರನ್ನೂ ತೆಗೆದು, "ಸರಿ, ಒಬ್ಬೊಬ್ಬರೇ ಹೇಳಿ," ಎಂದ.

ಮುನಿಲಕ್ಷ್ಮಮ್ಮನಿಗೆ ಮೂರಡಿ ವಾಪಸ್ ಬಂತು. ಜಗದೀಶನ ನೀರಿನ ಟ್ಯಾಂಕು ಸ್ವಲ್ಪ ಆ ಕಡೆ ಹೋಯಿತು. ದೊಡ್ಡಮುನಿಯಪ್ಪನವರ ಸಜ್ಜಾ ನಕ್ಷೆಯಿಂದಲೇ ಮಾಯವಾಯಿತು, ಇಲ್ಲದ ಸಜ್ಜಾವನ್ನು ಯಾರು ಒಡೆಯುತ್ತಾರೆ? ಹಾಳೆಯಲ್ಲಿ ತಿದ್ದಿದರೆ ಸಾಲದು, "ಕಂಪ್ಯೂಟರಲ್ಲೂ ಅಪ್‌ಡೇಟ್ ಮಾಡಿ" ಎಂದು ಜಗದೀಶ ಪಟ್ಟು ಹಿಡಿದ. ನಾಣಿ ಒಂದೊಂದೇ ಚೌಕ ಬದಲಿಸುತ್ತ ಹೋದ, ಹಿಂದೆ ನಿಂತ ಇಪ್ಪತ್ತು ಕಣ್ಣುಗಳು ಟೀವಿಯನ್ನು ನೋಡುತ್ತ ಹೋದವು. ಕೊನೆಗೆ ಎಲ್ಲರದೂ ಒಂದೇ ಬೇಡಿಕೆ: ಇಂಟು ತೆಗೆಯಿರಿ.

"ಎಲ್ಲಾ ಇಂಟು ತೆಗೆದ್ರೆ ಏನೂ ಉಳಿಯಲ್ಲ," ಎಂದ ನಾಣಿ, ಅಳುವ ಧ್ವನಿಯಲ್ಲಿ. "ಒಂದಾದ್ರೂ ಅಪಾಯ ಇರಬೇಕಲ್ಲ."

"ಅಪಾಯ ನಮ್ಮನೆ ಮೇಲೇ ಯಾಕಿರ್ಬೇಕು?" ಎಂದು ಕೇಳಿದ ಜಗದೀಶ ಸಟ್ಟನೆ ನಕ್ಷೆಗೆ ಮೂಗು ತಾಗಿಸಿ ನೋಡಿದ. "ಒಂದ್ನಿಮಿಷ. ಐದನೇ ಮನೆಗೆ ಇಂಟೇ ಇಲ್ವಲ್ಲ?"

ಎಲ್ಲರ ತಲೆಗಳೂ ನಕ್ಷೆಯ ಮೇಲೆ ಬಾಗಿದವು.

"ಐದ್ನೇದು ಯಾರ್ದು?" ದೊಡ್ಡಮುನಿಯಪ್ಪ ಬೆರಳು ಮಡಚಿ ಎಣಿಸಿದರು. "ಸಾಹೇಬ್ರದ್ದೇ!"

ಸಾಹೇಬರು ಮತ್ತೆ ನಾಣಿಯಾದರು. "ಥೂ, ಹತ್ತ್ ಮನೆ ಕೆಡ್ವಿ ನಿಂದೊಂದ್ ಉಳಿಸ್ಕೊಂತೀಯಾ? ನೀನೇನ್ ಮನುಷ್ಯನೇನಯ್ಯಾ?" ಎಂದರು ದೊಡ್ಡಮುನಿಯಪ್ಪ. ಮುನಿಲಕ್ಷ್ಮಮ್ಮ ಜಲಜಾಳ ತಲೆಯ ಮಲ್ಲಿಗೆಯನ್ನೇ ದಿಟ್ಟಿಸುತ್ತಿದ್ದರು. ಪೊಲೀಸು, ಪೇಪರು, ಟೀವಿ ಚಾನೆಲ್ಲು ಎಂಬ ಮಾತುಗಳು ಕೇಳಿಬಂದವು. ಗಡಿಯಾರದಲ್ಲಿ ಮೂರೂ ಕಾಲು.

ಆಗ ನಾಣಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಕಲ್ಪನೆ ಹೊಳೆಯಿತು. ಅಪಾಯಕ್ಕೆ ರಾಕ್ಷಸನೇ ಆಗಬೇಕೆಂದಿಲ್ಲ. ಒಂದು ಹಳ್ಳ ಸಾಕು. ಹಳ್ಳಕ್ಕೆ ಮೆಮೊರಿಯೂ ಬೇಡ, ಚಿತ್ರವೂ ಬೇಡ, ಇದ್ದದ್ದನ್ನು ಅಳಿಸಿದರಾಯಿತು.

"ಎಲ್ಲರೂ ನೋಡಿ," ಎಂದು ಎದ್ದು ನಿಂತ. ಹತ್ತು ಇಂಟುಗಳನ್ನೂ ಒಂದೊಂದಾಗಿ ಅಳಿಸಿದ. ಆಮೇಲೆ ಐದನೆಯ ಮನೆಯ ಆರು ಚೌಕಗಳನ್ನು, ಅಂದರೆ ಹದಿನೆಂಟು ಅಡಿಗಳನ್ನು, ಗೋಡೆ ತಾರಸಿ ಟ್ಯಾಂಕು ಸಮೇತ ತಿಕ್ಕಿ ತೆಗೆದ. ಟೀವಿಯಲ್ಲಿಯೂ ತೆಗೆದ. ಗಲ್ಲಿಯ ನಡುವೆ ಕಪ್ಪಗೆ ಒಂದು ಖಾಲಿ ಜಾಗ ಉಳಿಯಿತು. "ಆಯ್ತಾ? ನಿಮ್ಮದೆಲ್ಲ ಇದೆ. ನನ್ನದೇ ಇಲ್ಲ. ಈಗ ದಯವಿಟ್ಟು ಮನೆಗೆ ಹೋಗ್ತೀರಾ?"

ದೊಡ್ಡಮುನಿಯಪ್ಪನವರ ಕಣ್ಣು ತುಂಬಿತು. "ದೇವ್ರಂಥ ಮನುಷ್ಯ ಕಣಯ್ಯಾ ನೀನು," ಎಂದು ಅವನನ್ನು ತಬ್ಬಿಕೊಂಡರು. ಜಗದೀಶ ಬಿಡಲಿಲ್ಲ. ಬಾಯಿ ಮಾತು ನಾಳೆ ಬದಲಾಗಬಹುದು, ತಿದ್ದಿದ ನಕ್ಷೆಯ ಕೆಳಗೆ "ಈ ನಕ್ಷೆಗೆ ನಮ್ಮ ಅಭ್ಯಂತರವಿಲ್ಲ" ಎಂದು ಬರೆದು ಎಲ್ಲರ ಸಹಿ ತೆಗೆದುಕೊಂಡ. ಹನ್ನೊಂದನೆಯ ಸಹಿಗೆ ನಾಣಿಯ ಮುಂದೆ ಹಾಳೆ ಹಿಡಿದ. ಮುಂದೆ ಬಂದ ಕಾಗದಕ್ಕೆ ಇಪ್ಪತ್ತೊಂಬತ್ತು ವರ್ಷದಿಂದ ಓದದೆ ಸಹಿ ಹಾಕುತ್ತಿದ್ದ ಕೈ ತಾನಾಗಿಯೇ ಸಹಿ ಹಾಕಿತು. ನಾಲ್ಕು ಗಂಟೆಗೆ ಜಗದೀಶ ಹಾಳೆ ಹಿಡಿದು ಹೊರಟ. ಮಿಕ್ಕವರು ಇನ್ನೊಂದು ಕಾಫಿ ಕುಡಿದು, ನಾಣಿಯ ತ್ಯಾಗವನ್ನು ಹೊಗಳಿ, ಐದಕ್ಕೆ ಹೊರಟರು.

ಉಳಿದದ್ದು ಅರ್ಧ ಗಂಟೆ. ಕ್ಯಾಸೆಟ್ಟಿನ ಫೈಲು ಮಾಡಲು, ಹೆಸರು ವಿಳಾಸ ತುಂಬಲು, ನಿಧಾನಗತಿಯ ಇಂಟರ್ನೆಟ್ಟಿಗೆ ಕೈಮುಗಿಯಲು ಅದೇ ಸಾಲದಾಯಿತು. ಇನ್ನೊಮ್ಮೆ ಆಡಿ ನೋಡುವ ಮಾತೇ ಇರಲಿಲ್ಲ. ಐದೂ ಇಪ್ಪತ್ತೆಂಟಕ್ಕೆ ಆಟ ಹೋಯಿತು. ನಾಣಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಹೊದಿಕೆಯ ಮೇಲೆ ತನ್ನ ಹೆಸರು ಯಾವ ಬಣ್ಣದಲ್ಲಿದ್ದರೆ ಚೆನ್ನ ಎಂದು ಯೋಚಿಸಿದ. ಹಳದಿ ಎಂದು ತೀರ್ಮಾನಿಸಿದ. ಅಷ್ಟು ಸುಖವನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ.

ಆರು ಗಂಟೆಗೆ ಗಲ್ಲಿಯಲ್ಲಿ ಜೀಪು ನಿಂತ ಸದ್ದಾಯಿತು. ವಾರ್ಡ್ ಆಫೀಸಿನ ಇಂಜಿನಿಯರ್ ಸುಗತ ಇಳಿದರು. ಅವರ ಜೊತೆ ಅಳತೆ ಟೇಪು ಹಿಡಿದ ಇಬ್ಬರು, ಅವರ ಹಿಂದೆ ಎದೆ ಉಬ್ಬಿಸಿಕೊಂಡ ಜಗದೀಶ.

"ನಾನೇ ಕರ್ಕೊಂಡ್ಬಂದೆ ಸಾರ್," ಎಂದ ಜಗದೀಶ. "ಅವ್ರ ಪ್ಲ್ಯಾನ್ ಫೈನಲ್ ಆಗೋಕ್ಮುಂಚೆ ನಮ್ ಪ್ಲ್ಯಾನ್ ಕೊಟ್ಬಿಡೋಣ ಅಂತ."

ಸುಗತ ನಾಣಿಯ ಕೈ ಹಿಡಿದು ಕುಲುಕಿದರು. "ಇದನ್ನ ಬರ್ದಿದ್ದು ನೀವಾ ಸರ್? ಬ್ಯೂಟಿಫುಲ್! ನಮ್ ಸರ್ವೇಯರ್ ಮೂರ್ ಸಲ ಬಂದ್ರೂ ಈ ಗಲ್ಲಿ ಅಳೆಯಕ್ಕೆ ಬಿಟ್ಟಿರ್ಲಿಲ್ಲ, ನಾಯಿ ಬಿಟ್ಟಿದ್ರು."

"ಸಾರ್, ದಯವಿಟ್ಟು ನೀವೇ ಇವರಿಗೆ ಹೇಳಿ," ನಾಣಿ ಅಂಗಲಾಚಿದ. "ರಸ್ತೆ ಅಗಲ ಮಾಡೋ ಯೋಜನೆ ಏನಾದ್ರೂ ಇದೆಯಾ?"

"ರಸ್ತೆನಾ? ಇಲ್ವೇ ಇಲ್ಲ. ಯಾರ್ ಹೇಳಿದ್ದು?"

ನಾಣಿ ವಿಜಯದ ನಗೆ ನಕ್ಕು ಸುತ್ತ ಸೇರಿದವರನ್ನೆಲ್ಲ ನೋಡಿದ. ಬೆಳಿಗ್ಗೆಯಿಂದ ಅವನು ಹೇಳಿದ್ದು ನಿಜವಾಗಿತ್ತು. ಆ ನಗೆ ಅವನ ಮುಖದ ಮೇಲೆ ಸುಮಾರು ನಾಲ್ಕು ಸೆಕೆಂಡು ಇತ್ತು.

"ನಮ್ದು ಮಳೆನೀರಿನ ಚರಂಡಿ," ಎಂದರು ಸುಗತ. "ಕೆರೆಗೆ ಸೇರಿಸೋಕೆ ಒಂಬತ್ತ್ ವರ್ಷದಿಂದ ಒಂದು ಜಾಗ ಹುಡುಕ್ತಿದ್ವಿ. ಈ ಗಲ್ಲೀಲಿ ಯಾರೂ ಒಂದಿಂಚು ಕೊಡಲ್ಲ ಅಂದ್ರು, ಫೈಲ್ ಕ್ಲೋಸ್ ಮಾಡಿದ್ವಿ. ಇವತ್ತು ನೋಡಿದ್ರೆ ಹನ್ನೊಂದೂ ಜನ ಸಹಿ ಹಾಕಿ ಮಧ್ಯದಲ್ಲಿ ಹದಿನೆಂಟಡಿ ಖಾಲಿ ಅಂತ ತೋರಿಸಿದೀರಿ. ನಿಮ್ಮ ಸಹಿಯೂ ಇದೆ. ನನ್ನ ಸರ್ವೀಸಲ್ಲೇ ಇಂಥ ಜನ ನೋಡಿಲ್ಲ ಸರ್. ಹೆದರ್ಕೋಬೇಡಿ, ಪೂರ್ತಿ ಬೇಡ ನಮಗೆ. ನಡುಮಧ್ಯ ಎಂಟಡಿ ಸಾಕು."

"ಸಾರ್, ಅದು ಆಟ..." ಎಂದ ನಾಣಿ.  ಗಲ್ಲಿಯ ಜನ ಚಪ್ಪಾಳೆ ತಟ್ಟಿದರು. ಟೇಪು ಹಿಡಿದವರು ಒಳಗೆ ಹೋಗಿ, ಹಾಲಿನ ಗೋಡೆಯಿಂದ ಹಿತ್ತಲವರೆಗೆ ಕೆಂಪು ಬಣ್ಣದಲ್ಲಿ ಎರಡು ಗೆರೆ ಎಳೆದು, ಬೂಟಿಗೆ ಹತ್ತಿದ ಬಣ್ಣವನ್ನು ಕಾಲೊರಸಿನಲ್ಲಿ ಒರೆಸಿಕೊಂಡು ಹೋದರು.

ರಾತ್ರಿ ಹತ್ತಕ್ಕೆ, ಎಲ್ಲರೂ ಹೋದ ಮೇಲೆ, ನಾಣಿ ಎರಡು ಗೆರೆಗಳ ನಡುವೆ ಇದ್ದ ಕುರ್ಚಿಯ ಮೇಲೆ ಕುಳಿತ. ಲ್ಯಾಪ್‌ಟಾಪಿನಲ್ಲಿ ಇಂಗ್ಲೆಂಡಿನಿಂದ ಪತ್ರ ಬಂದಿತ್ತು. ಮನೆ ಹೋದರೆ ಹೋಯಿತು, ಕ್ಯಾಸೆಟ್ಟಾದರೂ ಬರಲಿ ಎಂದು ತೆರೆದ. ಕ್ಲಬ್ಬಿನ ಕಾರ್ಯದರ್ಶಿ ತುಂಬ ಮೆಚ್ಚಿ ಬರೆದಿದ್ದರು. ಹಳೆಯ ಗುಹೆಗಳು ಮೂಲದಂತೆಯೇ ಇವೆ, ಕ್ಯಾಪ್ಟನ್ನಿನ ನೆಗೆತವಂತೂ ಮೂಲದ ನಾಲ್ಕು ಚೌಕಕ್ಕೆ ಸರಿಯಾಗಿದೆ, ಈ ನಿಷ್ಠೆ ಅಪರೂಪ. ಆದರೆ ಕೊನೆಯ ಹಂತದಲ್ಲಿ ಆರು ಚೌಕದ ಹಳ್ಳ ಇಟ್ಟಿದ್ದೀರಿ. ನಮ್ಮ ಮೂವರು ಪರೀಕ್ಷಕರು ಎಪ್ಪತ್ತು ಸಲ ಹಾರಿದರು, ಎಪ್ಪತ್ತು ಸಲವೂ ಬಿದ್ದರು. ದಾಟಲಾಗದ ಆಟವನ್ನು ಸ್ಪರ್ಧೆಯಿಂದ ತೆಗೆಯಬೇಕಾಗಿದೆ, ವಿಷಾದಿಸುತ್ತೇವೆ.

ನಾಣಿ ಎರಡು ಸಲ ಓದಿದ. ಆಮೇಲೆ ಗಟ್ಟಿಯಾಗಿ ಓದಿ ಹೆಂಡತಿಗೆ ಹೇಳಿದ. 

ಜಲಜಾ ಆ ಗೆರೆಯ ಆಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಈ ಗೆರೆಯ ಈಚೆ ಇರುವ ಬಚ್ಚಲ ಬಾಗಿಲನ್ನು ನೋಡಿದಳು. ಮಧ್ಯದ ಎಂಟಡಿಯನ್ನೂ ಅದರಲ್ಲಿ ಕುಳಿತ ಗಂಡನನ್ನೂ ಅಳೆದಳು.

"ಆ ನಿಮ್ಮ ಕ್ಯಾಪ್ಟನ್ನೇ ಎಪ್ಪತ್ತು ಸಲ ಬಿದ್ದನಂತೆ," ಎಂದಳು. "ಇನ್ನು ನಾಳೆಯಿಂದ ನಾನು ಸ್ನಾನಕ್ಕೆ ಹೇಗ್ರೀ ಹೋಗ್ಲಿ?"